ದೀರ್ಘ ಓಟದ ಕುದುರೆಗಳ ಆಹಾರ ಮತ್ತು ಲವಣ ನಿರ್ವಹಣೆ

ದೀರ್ಘ ಓಟದ ಕುದುರೆಗಳು ಬೆವರಿನ ಮೂಲಕ ಕಳೆದುಕೊಳ್ಳುವ ನೀರನ್ನೂ ಲವಣಗಳನ್ನೂ (ಎಲೆಕ್ಟ್ರೊಲೈಟ್‌ಗಳು) ಮೇವು, ನೀರು ಹಾಗೂ ಪೂರಕ ಲವಣಗಳಿಂದ ತುಂಬಿಕೊಡುವ ಕ್ರಮವನ್ನು ಲವಣ ನಿರ್ವಹಣೆ ಎನ್ನುತ್ತಾರೆ. 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಟೆವಿಸ್ ಕಪ್‌ನಂತಹ ಸ್ಪರ್ಧೆಗಳಲ್ಲಿ ಕುದುರೆಯು ಒಂದು ದಿನದೊಳಗೆ 100 ಮೈಲಿ (ಸುಮಾರು 160 ಕಿ.ಮೀ.) ಕ್ರಮಿಸಬೇಕಾಗುತ್ತದೆ. ಇಲ್ಲಿ ಲವಣ ನಿರ್ವಹಣೆ ತಪ್ಪಿದರೆ ಕುದುರೆಯ ಪ್ರಾಣಕ್ಕೇ ಅಪಾಯ ಒದಗಬಹುದು.

ಬೆವರು ಮತ್ತು ಬಾಯಾರಿಕೆ

ಮನುಷ್ಯನ ಬೆವರಿನಲ್ಲಿ ರಕ್ತದಲ್ಲಿರುವುದಕ್ಕಿಂತ ಕಡಿಮೆ ಲವಣವಿರುತ್ತದೆ. ಆದ್ದರಿಂದ ಬೆವರಿದಾಗ ರಕ್ತದ ಲವಣ ಸಾಂದ್ರತೆ ಹೆಚ್ಚಿ ಬಾಯಾರಿಕೆ ಉಂಟಾಗುತ್ತದೆ. ಕುದುರೆಯ ಬೆವರಾದರೋ ರಕ್ತದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಉಪ್ಪಾಗಿರುತ್ತದೆ. ನೀರಿನೊಂದಿಗೆ ಲವಣವೂ ಹೊರಹೋಗುವುದರಿಂದ ಸಾಂದ್ರತೆ ಏರುವುದಿಲ್ಲ. ಮಿದುಳಿಗೆ ಬಾಯಾರಿಕೆಯ ಸೂಚನೆ ಸರಿಯಾಗಿ ತಲಪುವುದಿಲ್ಲ. ಬಳಲಿದ ಕುದುರೆಯು ನೀರಿನ ಮುಂದೆ ನಿಂತೂ ಕುಡಿಯದಿರಲು ಇದೊಂದು ಮುಖ್ಯ ಕಾರಣ. ನೀರು ಬೇಡವೆಂದ ಮಾತ್ರಕ್ಕೆ ಅದರ ದೇಹಕ್ಕೆ ನೀರಿನ ಅಗತ್ಯವಿಲ್ಲವೆಂದು ತಿಳಿಯುವುದು ತಪ್ಪು. ಬಿಸಿ ವಾತಾವರಣದ ಕಠಿಣ ಓಟದಲ್ಲಿ ಗಂಟೆಗೆ 10 ಲೀಟರಿಗೂ ಹೆಚ್ಚು ಬೆವರು ಹರಿಯಬಹುದು. ಅದರೊಡನೆ ಮುಖ್ಯವಾಗಿ ಸೋಡಿಯಂ, ಕ್ಲೋರೈಡ್ ಮತ್ತು ಪೊಟ್ಯಾಸಿಯಂ ನಷ್ಟವಾಗುತ್ತವೆ. ಅಲ್ಪ ಪ್ರಮಾಣದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಹ ಹೋಗುತ್ತವೆ.

ಮೇವು

ಆಹಾರದ ಆಧಾರ ಹುಲ್ಲು. 500 ಕಿ.ಗ್ರಾಂ. ತೂಕದ ಕುದುರೆಗೆ ದಿನಕ್ಕೆ ಕನಿಷ್ಠ 7.5 ಕಿ.ಗ್ರಾಂ.ನಷ್ಟು ಒಣಹುಲ್ಲು ಬೇಕು. ನಾರಿನಂಶವು ದೊಡ್ಡ ಕರುಳಿನಲ್ಲಿ ನೀರನ್ನೂ ಲವಣಗಳನ್ನೂ ಹಿಡಿದಿಡುವುದರಿಂದ ಓಟದ ವೇಳೆ ಅದು ಒಳಗಿನ ಕೆರೆಯಂತೆ ಒದಗುತ್ತದೆ. ಕುದುರೆಯ ಜಠರ ಚಿಕ್ಕದು. ಆದ್ದರಿಂದ ಓಟ್ಸ್, ಹುರುಳಿ ಮೊದಲಾದ ಕಾಳುಗಳನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ಒಮ್ಮೆಲೇ ಹೆಚ್ಚು ಕೊಟ್ಟರೆ ಹೊಟ್ಟೆಶೂಲೆ ಬರಬಹುದು.

ಲವಣ ಪೂರೈಕೆ

ಇಷ್ಟೇ ತೂಕದ ಕುದುರೆಗೆ ವಿಶ್ರಾಂತಿಯ ದಿನವೂ ಸುಮಾರು 25 ಗ್ರಾಂ ಉಪ್ಪು ಅಗತ್ಯ. ಓಟಕ್ಕೆ ಮುನ್ನ ವಾರಗಟ್ಟಲೆ ಹೆಚ್ಚುವರಿ ಲವಣ ನೀಡುವುದು ನಿರರ್ಥಕ. ಹೆಚ್ಚಾದುದು ಮೂತ್ರದಲ್ಲಿ ಹೊರಹೋಗುತ್ತದೆ. ಓಟದ ದಿನ ಲವಣವನ್ನು ಸಣ್ಣ ಪ್ರಮಾಣದಲ್ಲಿ, ಕುದುರೆಯು ನೀರು ಕುಡಿಯುತ್ತಿರುವಾಗ ಕೊಡಲಾಗುತ್ತದೆ. ನೀರು ಕುಡಿಯದ ಕುದುರೆಗೆ ಗಟ್ಟಿ ಲವಣಮಿಶ್ರಣ ತಿನ್ನಿಸಿದರೆ ದೇಹದ ನೀರು ಕರುಳಿಗೆ ಸೆಳೆಯಲ್ಪಟ್ಟು ನಿರ್ಜಲೀಕರಣ ಉಲ್ಬಣಿಸುತ್ತದೆ. ಕ್ಲೋರೈಡ್ ನಷ್ಟದಿಂದ ರಕ್ತವು ಮೊದಲೇ ಹೆಚ್ಚು ಕ್ಷಾರೀಯವಾಗುವುದರಿಂದ ಅಡುಗೆ ಸೋಡಾ ಸೇರಿದ ಮಿಶ್ರಣಗಳು ಸೂಕ್ತವಲ್ಲ. ಲವಣಯುಕ್ತ ನೀರಿಟ್ಟರೂ ಪಕ್ಕದಲ್ಲಿ ಶುದ್ಧ ನೀರು ಇರಲೇಬೇಕು.

ಅಪಾಯದ ಲಕ್ಷಣಗಳು

ಚಿವುಟಿದ ಚರ್ಮ ತಡವಾಗಿ ಸಮವಾಗುವುದು, ಒಸಡು ಒಣಗುವುದು, ಕರುಳಿನ ಸದ್ದು ಕುಗ್ಗುವುದು, ವಿಶ್ರಾಂತಿಯ ನಂತರವೂ ಹೃದಯಬಡಿತ ಇಳಿಯದಿರುವುದು ಮುಖ್ಯ ಲಕ್ಷಣಗಳು. ಕ್ಯಾಲ್ಸಿಯಂ ಮೊದಲಾದ ಲವಣಗಳ ಕೊರತೆಯಿಂದ ವಪೆಯು ಹೃದಯದ ಬಡಿತಕ್ಕೆ ಸರಿಯಾಗಿ ಸಂಕುಚಿಸಿ, ಪಕ್ಕೆಗಳು ಅದುರುವ ಸ್ಥಿತಿಗೆ ಥಂಪ್ಸ್ ಎಂದು ಹೆಸರು. ಇಂತಹ ಕುದುರೆಯ ಓಟವನ್ನು ಅಲ್ಲಿಗೇ ನಿಲ್ಲಿಸಿ ಪಶುವೈದ್ಯರಿಂದ ಚಿಕಿತ್ಸೆ ಕೊಡಿಸಬೇಕು.