ಧೂಳು ಹೊಗದ ಕೋಣೆ

ಸಯನ್‌ನ ನಮ್ಮ ಮನೆಯಲ್ಲಿ ಬೆಳಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಮತ್ತೆ ಧೂಳು. ಅದರ ಮುಂದೆಯೇ ಕೂತು ಅಕ್ಕನ ಮಗಳು ನ್ಯಾನೋ ಎಲೆಕ್ಟ್ರಾನಿಕ್ಸ್ ಓದುತ್ತಾಳೆ. ನ್ಯಾನೋಮೀಟರ್ ಎಂದರೆ ಮೀಟರಿನ 100 ಕೋಟಿಯಲ್ಲೊಂದು ಪಾಲು. ಆ ಅಳತೆಯ ಕೆಲಸದಲ್ಲಿ ಧೂಳಿನ ಕಣವೂ ಬಂಡೆಗಲ್ಲೇ.

ಅವಳ ಕಾಲೇಜಿನಲ್ಲಿ ಧೂಳು ಹೊಗದ ಪ್ರಯೋಗಾಲಯವಿಲ್ಲ. "ನಂದೆಲ್ಲ ಪುಸ್ತಕದಲ್ಲೇ ಮುಗಿಯುತ್ತೆ ಮಾವ" ಎಂದಿದ್ದಳು.

ಪವಾಯಿಯ ಐಐಟಿಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ (ನನಗೆ ಹೆಮ್ಮೆಪಡಲು ಇಷ್ಟೇ ಸಾಕು!) 2006ರಲ್ಲಿ ಆರಂಭವಾದ ನ್ಯಾನೋ ಎಲೆಕ್ಟ್ರಾನಿಕ್ಸ್ ಕೇಂದ್ರ ಅದು. ಆಮೇಲೆ ಬಂದ ಬಳಕೆದಾರರ ಯೋಜನೆಯಡಿ ಹೊರಗಿನ ಕಾಲೇಜುಗಳವರಿಗೂ ಕಾರ್ಯಾಗಾರ, ತರಬೇತಿ, ಉಪಕರಣಗಳನ್ನು ಮುಟ್ಟಿ ಕೆಲಸ ಮಾಡುವ ಅವಕಾಶ.

ಸಯನ್‌ನಿಂದ ಕಾಂಜೂರ್‌ಮಾರ್ಗಕ್ಕೆ ಸ್ಲೋ ಲೋಕಲ್, ಅಲ್ಲಿಂದ ರಿಕ್ಷಾ. ಅರ್ಜಿ ಬರೆದಿಟ್ಟಿದ್ದಾಳೆ, ಗೈಡ್ ಮೇಡಂ ಸಹಿಯೊಂದು ಬಾಕಿ.