ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಮಕ್ಕಳಿಗೆ ಯಾವ ಸ್ಪೀಕರ್? ಹೃದಯ ವೈದ್ಯನ ಒಂದು ಸಲಹೆ

ಹೋದ ಸಲ ಬಿಪಿ ಮಾತ್ರೆಗಳ ಬಗ್ಗೆ ಬರೆದಿದ್ದೆ, ಈ ಸಲ ಸ್ಪೀಕರ್ ಬಗ್ಗೆ. ಹೃದಯದ ಡಾಕ್ಟರಿಗೆ ಸ್ಪೀಕರ್ ಅಂಗಡಿಯಲ್ಲಿ ಏನು ಕೆಲಸ ಎಂದು ನಗಬೇಡಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನನ್ನ ತಂಗಿ ಇರುವುದು ಪುಣೆಯ ಕೋಥ್ರೂಡ್‌ನಲ್ಲಿ. ಅವಳ ಮಗನಿಗೆ 19 ವರ್ಷ, ಇಂಜಿನಿಯರಿಂಗ್ ಓದುತ್ತಾನೆ. ಲ್ಯಾಪ್‌ಟಾಪ್, ಒಂದು ಮೈಕ್, ಒಂದು ಹೆಡ್‌ಫೋನ್ ಇಟ್ಟುಕೊಂಡು ಮನೆಯಲ್ಲೇ ಸಂಗೀತ ಮಾಡುವ ಹುಚ್ಚು. ಧಾರವಾಡದಿಂದ ನಮ್ಮ ಅವ್ವ ಬಂದಾಗ ಆಕೆಯಿಂದ ದೇವರನಾಮ ಹಾಡಿಸಿ, ರೆಕಾರ್ಡ್ ಮಾಡಿ, ಹಿಂದೆ ತಂಬೂರಿ ತಬಲಾ ಸೇರಿಸಿ ನಮ್ಮ ಕುಟುಂಬದ ಗ್ರೂಪಿಗೆ ಹಾಕುತ್ತಾನೆ. ಕೆಲಸವೆಲ್ಲ ರಾತ್ರಿ ಹನ್ನೊಂದರ ಮೇಲೆ. ಅವನ ಹಾಡುಗಳಲ್ಲಿ ತಾಳದ ಸದ್ದು ಕಿವಿಗೆ ಸೂಜಿ ಚುಚ್ಚಿದ ಹಾಗೆ ಇರುತ್ತಿತ್ತು. ಹುಡುಗರ ರುಚಿಯೇ ಹಾಗೆ ಎಂದು ನಾನೂ ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಫೋನ್ ಮಾಡಿದ. “ಮಾಮಾ, ಕಿವ್ಯಾಗ ಕುಂಯ್ ಅಂತ ಸದ್ದು ಬರ್ಲಿಕ್ಕತ್ತೇದ, ಎರಡು ದಿನ ಆತು, ನಿಲ್ಲವಲ್ದು.” ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿ ಆಡಿಯೋಮೆಟ್ರಿ ಮಾಡಿಸಿದೆವು. ಎರಡೂ ಕಿವಿಯಲ್ಲಿ 4000 ಹರ್ಟ್ಜ್ ಹತ್ತಿರ ಗ್ರಾಫ್ ಕೆಳಗಿಳಿದು, 8000ಕ್ಕೆ ಮತ್ತೆ ಮೇಲೆ ಬಂದಿತ್ತು. ಜೋರು ಸದ್ದಿನಿಂದ ಆಗುವ ಹಾನಿ ಸಾಮಾನ್ಯವಾಗಿ ಕಾಣುವುದು ಹೀಗೆಯೇ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರಲ್ಲಿ ನೋಡುವ ಗ್ರಾಫು, ನಮ್ಮ ಹುಡುಗನ ಕೈಯಲ್ಲಿ.

ಆಗ ತಾಳದ ಗುಟ್ಟು ಹೊಳೆಯಿತು. ಗಂಟೆಗಟ್ಟಲೆ ಜೋರಾಗಿ ಕೇಳಿ ಕಿವಿ ದಣಿದಿರುತ್ತದೆ, ಮೇಲಿನ ಸದ್ದು ಮಂಕಾಗಿ ಕೇಳಿಸುತ್ತದೆ. ಇವನು ಅದನ್ನು ಇನ್ನಷ್ಟು ಏರಿಸುತ್ತಾನೆ. ಕಿವಿ ಸರಿ ಇರುವ ನಮಗೆ ಅದು ಚುಚ್ಚುತ್ತದೆ.

ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳು ಒಂದು ಕಿವಿಗೆ ಸುಮಾರು 15,000. ಸತ್ತವು ಮತ್ತೆ ಹುಟ್ಟುವುದಿಲ್ಲ. ಬ್ಲಾಕ್ ಆದ ರಕ್ತನಾಳಕ್ಕೆ ನಾನು ಸ್ಟೆಂಟ್ ಹಾಕಬಲ್ಲೆ, ಈ ಕೋಶಗಳಿಗೆ ಇವತ್ತಿಗೂ ಅಂಥ ರಿಪೇರಿ ಇಲ್ಲ. ಅಮೆರಿಕದ ನಿಯೋಶ್ ಸಂಸ್ಥೆ ದುಡಿಯುವವರಿಗೆ ಹಾಕಿದ ಮಿತಿ ದಿನಕ್ಕೆ 85 ಡೆಸಿಬಲ್, 8 ಗಂಟೆ. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಹೆಡ್‌ಫೋನನ್ನು ಪೂರ್ತಿ ಏರಿಸಿದರೆ ನೂರರ ಹತ್ತಿರ ಹೋಗುವುದು ಕಷ್ಟವೇನಲ್ಲ.

ಹುಡುಗ ಏರಿಸಿದ್ದಕ್ಕೆ ಕಾರಣವೂ ಇದೆ. ಸದ್ದು ಚಿಕ್ಕದಿದ್ದಾಗ ಮನುಷ್ಯನ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಡಗ್ಗಾ ಕೇಳಿಸಲಿಲ್ಲ ಎಂದು ವಾಲ್ಯೂಮ್ ಏರಿಸುತ್ತಾರೆ, ಜೊತೆಗೆ ಉಳಿದದ್ದೂ ಏರುತ್ತದೆ.

ಹಾಗಾಗಿ ಹೆಡ್‌ಫೋನ್ ಬಿಟ್ಟು ‘ಸ್ಟುಡಿಯೋ ಮಾನಿಟರ್’ ತೆಗೆದುಕೊಳ್ಳೋಣ ಅಂದೆ. ಮನೆಯಲ್ಲಿ ಟಿವಿ ಇದೆಯಲ್ಲ, ಮತ್ತೆ ಯಾಕೆ ಮಾನಿಟರ್ ಎಂದು ತಂಗಿ ಕೇಳಿದಳು! ಇದು ಪರದೆ ಅಲ್ಲ, ಸ್ಪೀಕರ್. ಹೋಮ್ ಥಿಯೇಟರ್ ಸ್ಪೀಕರುಗಳು ಕೇಳುಗರಿಗೆ ಹಿತವಾಗಲೆಂದು ಬೇಸ್ ಉಬ್ಬಿಸಿ ಕೊಡುತ್ತವೆ. ಮಾನಿಟರ್ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನನ್ನ ಸ್ಟೆತಸ್ಕೋಪ್‌ನಿಂದಲೂ ನನಗೆ ಬೇಕಾದದ್ದು ಅದೇ. ರೋಗಿಯ ಎದೆಯ ಸದ್ದು ಇಂಪಾಗಿ ಕೇಳಿಸಿ ನನಗೇನು ಪ್ರಯೋಜನ? ವಾಲ್ವ್ ಸೋರುತ್ತಿದ್ದರೆ ಸೋರುವ ಸದ್ದೇ ಕೇಳಬೇಕು. ಇಂಥ ಸ್ಪೀಕರುಗಳಲ್ಲಿ ಆಂಪ್ಲಿಫೈಯರ್ ಸಾಮಾನ್ಯವಾಗಿ ಒಳಗೇ ಇರುತ್ತದೆ, ಬೇರೆ ಕೊಳ್ಳಬೇಕಿಲ್ಲ.

ಅವನು ಕೂಡಿಟ್ಟದ್ದು 15,000 ರೂಪಾಯಿ. ಹೋದ ಅಂಗಡಿಯಲ್ಲಿ 8 ಇಂಚಿನದ್ದನ್ನೇ ತೋರಿಸಿದರು, ಕಂತಿನಲ್ಲಿ ಕೊಡಿ ಅಂದರು. ಹುಡುಗನ ಕಣ್ಣೂ ಅದರ ಮೇಲೆಯೇ. ನಾನು ಬೇಡವೆಂದೆ. ಅವನ ಕೋಣೆ 10 ಅಡಿಗೆ 12 ಅಡಿ. 10 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ ಸದ್ದು ಸಿಕ್ಕಿಕೊಂಡು ಗುಂಯ್‌ಗುಟ್ಟುತ್ತದೆ. ಗೋಡೆಯ ಹತ್ತಿರ ಅದು ಅತಿ, ಕೋಣೆಯ ನಡುವೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದೊಡ್ಡ ವೂಫರ್ ತಂದರೆ ಈ ಗಲಾಟೆಗೆ ದುಡ್ಡು ಕೊಟ್ಟ ಹಾಗೆ. ಕೊನೆಗೆ ತಂದದ್ದು ಪ್ರಿಸೋನಸ್ ಎರಿಸ್ 3.5, ಮೂರೂವರೆ ಇಂಚಿನ ಜೋಡಿ. ಅದು ಸುಮಾರು 80 ಹರ್ಟ್ಜ್‌ಗಿಂತ ಕೆಳಗೆ ಇಳಿಯುವುದಿಲ್ಲ ಎಂದು ಕಂಪನಿಯೇ ಹೇಳುತ್ತದೆ. ಅವ್ವನ ದನಿ, ತಂಬೂರಿ, ಹಾರ್ಮೋನಿಯಂಗೆ ಅಷ್ಟು ಸಾಕು. ಇಡೀ ಬೇಸ್ ಗಿಟಾರ್, ಡ್ರಮ್ಸ್ ಸಂಗೀತ ಮಾಡುವವರಿಗೆ ಸಾಲದು, ಅವರು 5 ಇಂಚಿನ ಜೆಬಿಎಲ್ 305ಪಿ ಅಥವಾ ಯಮಹಾ ಎಚ್‌ಎಸ್5 ನೋಡಬಹುದು. ಆದರೆ ಇಂಥವನ್ನು ಹಲವು ಕಡೆ ಒಂದೊಂದಾಗಿ ಮಾರುತ್ತಾರೆ. ಬೆಲೆ ಒಂದರದ್ದೋ ಜೋಡಿಯದ್ದೋ ಮೊದಲು ಕೇಳಿ. ಹಣ ಉಳಿದರೆ ದೊಡ್ಡ ಸ್ಪೀಕರಿಗೆ ಸುರಿಯುವ ಬದಲು ಒಳ್ಳೆ ಆಡಿಯೋ ಇಂಟರ್‌ಫೇಸ್‌ಗೆ ಇಡಿ, ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಬರುವ ಗೊರಗೊರ ತಪ್ಪುತ್ತದೆ.

ಇಡುವ ಜಾಗ ಸ್ಪೀಕರಿನಷ್ಟೇ ಮುಖ್ಯ. ಎರಡು ಸ್ಪೀಕರು ಮತ್ತು ನಿಮ್ಮ ತಲೆ, ಮೂರರ ನಡುವೆ ಒಂದೇ ಅಂತರ, ಮೂರು ಅಡಿ ಸಾಕು. ಮೇಲಿನ ಚಿಕ್ಕ ಕೋನ್ ಕಿವಿಯ ಎತ್ತರಕ್ಕೆ ಬರಲಿ. ಮೂಲೆಗೆ ತಳ್ಳಬೇಡಿ, ಬೇಸ್ ಊದಿಕೊಳ್ಳುತ್ತದೆ. ಗೋಡೆಗೆ ಅಂಟಿಸಲೇಬೇಕಾದರೆ ಹಿಂದಿರುವ ಗುಂಡಿಯಿಂದ ಬೇಸ್ ತಗ್ಗಿಸಿ. ಕೋಣೆಯ ನಟ್ಟನಡುವೆಯೂ ಕೂರಬೇಡಿ. ದುಬಾರಿ ಫೋಮ್ ತರುವ ಮೊದಲು ಮನೆಯಲ್ಲಿರುವುದನ್ನು ಬಳಸಿ. ನಾವು ಅವ್ವ ಹೊಲಿದ ಎರಡು ಕೌದಿಗಳನ್ನು ಗೋಡೆಯಿಂದ ಸ್ವಲ್ಪ ಬಿಟ್ಟು ನೇತುಹಾಕಿದೆವು, ಕೋಣೆಯ ಪ್ರತಿಧ್ವನಿ ಎದ್ದು ಕಾಣುವಷ್ಟು ಇಳಿಯಿತು. (ಡಗ್ಗಾದ ಗುಂಯ್‌ಗೆ ಕೌದಿ ಏನೂ ಮಾಡುವುದಿಲ್ಲ, ಅದಕ್ಕೆ ದಪ್ಪ ಹಾಸಿಗೆಯೇ ಬೇಕು.)

ಎಷ್ಟು ಜೋರಾಗಿ ಕೇಳಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ದೊಡ್ಡವರಿಗೆ ವಾರಕ್ಕೆ 80 ಡೆಸಿಬಲ್ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್ 40 ಗಂಟೆ. ನಾನು ಸೋದರಳಿಯನಿಗೆ 70ರಿಂದ 75 ಎಂದು ಕಟ್ಟು ಹಾಕಿದೆ. ಐಫೋನ್ ಇದ್ದವರಿಗೆ ನಿಯೋಶ್‌ನ ಸದ್ದು ಅಳೆಯುವ ಆಪ್ ಉಚಿತ. ಅದಿಲ್ಲದಿದ್ದರೆ ನನ್ನ ಒರಟು ಪರೀಕ್ಷೆ: ಹಾಡು ನಡೆಯುತ್ತಿದ್ದಾಗ ಪಕ್ಕದವರ ಮಾತು ದನಿ ಏರಿಸದೆ ಕೇಳಿಸಬೇಕು. ಒಮ್ಮೆ ಮಟ್ಟ ಹೊಂದಿಸಿ ಗುಂಡಿಯ ಮೇಲೆ ಪೆನ್ನಿನಿಂದ ಗುರುತು ಹಾಕಿಬಿಡಿ. ಗಂಟೆಗೊಮ್ಮೆ ಹತ್ತು ನಿಮಿಷ ಎದ್ದು ಓಡಾಡಿ, ಅದು ಹೃದಯಕ್ಕೂ ಒಳ್ಳೆಯದು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ನಿದ್ದೆಯಲ್ಲೂ ಸದ್ದು ಕೇಳಿದರೆ ಎದೆಬಡಿತ, ಬಿಪಿ ಏರುತ್ತವೆ. ಪಕ್ಕದ ಫ್ಲ್ಯಾಟಿನ ಅಜ್ಜನಿಗೆ ನಮ್ಮ ತಬಲಾ ಔಷಧವಲ್ಲ! ಹಾಗಾಗಿ ಮಿಕ್ಸಿಂಗ್ ಸಂಜೆಗೇ ಮುಗಿಸುವುದು ಎಂದು ತೀರ್ಮಾನವಾಯಿತು. ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ನನ್ನ ರೋಗಿಗಳಿಗೆ ಒಂದು ಮಾತು. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು ಇರುವವರಲ್ಲಿ ಒಳಗಿವಿಯ ಸಣ್ಣ ರಕ್ತನಾಳಗಳೂ ಸೊರಗುತ್ತವೆ, ಜೋರು ಸದ್ದಿನಿಂದ ಇನ್ನೂ ದೂರ ಇರಿ. ಲಾಸಿಕ್ಸ್‌ನಂಥ ನೀರು ಇಳಿಸುವ ಮಾತ್ರೆ ಅಥವಾ ಆಸ್ಪಿರಿನ್ ತೆಗೆದುಕೊಳ್ಳುವಾಗ ಕಿವಿಯಲ್ಲಿ ಸದ್ದು ಶುರುವಾದರೆ ನೀವಾಗಿಯೇ ನಿಲ್ಲಿಸಬೇಡಿ, ನಿಮ್ಮ ಡಾಕ್ಟರಿಗೆ ಹೇಳಿ. *ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದೇ ದಿನ ಇಎನ್‌ಟಿ ವೈದ್ಯರನ್ನು ಕಾಣಿ.* ಮೇಣ ಇರಬೇಕೆಂದು ವಾರಗಟ್ಟಲೆ ಎಣ್ಣೆ ಬಿಟ್ಟುಕೊಂಡು ಕೂತರೆ ಚಿಕಿತ್ಸೆಯ ಹೊತ್ತು ಮೀರುತ್ತದೆ.

ಸೋದರಳಿಯನ ಕಿವಿಯ ಕುಂಯ್ ಸದ್ದು ಹತ್ತು ದಿನಕ್ಕೆ ನಿಂತಿತು. ಮೂರು ತಿಂಗಳ ಮೇಲೆ ಮಾಡಿಸಿದ ಆಡಿಯೋಮೆಟ್ರಿಯಲ್ಲಿ 4000ದ ಆ ತಗ್ಗು ಸ್ವಲ್ಪ ತುಂಬಿದೆ, ಪೂರ್ತಿ ಹೋಗಿಲ್ಲ. ಮೊನ್ನೆ ಹೊಸ ಸ್ಪೀಕರಿನಲ್ಲಿ ಮಾಡಿದ ಹಾಡು ಕಳಿಸಿದ. ತಾಳ ಚುಚ್ಚಲಿಲ್ಲ. ಧಾರವಾಡದಲ್ಲಿ ಅವ್ವನಿಗೆ ಕೇಳಿಸಿದೆವು. “ನನ್ನ ದನಿ ಹಿಂಗದ ಏನು?” ಅಂದು ಇನ್ನೊಮ್ಮೆ ಹಾಕಿಸಿಕೊಂಡಳು.

ಮನೆಯಲ್ಲಿ ಹೆಡ್‌ಫೋನ್ ಹಾಕಿ ರಾತ್ರಿಯೆಲ್ಲ ಕೂರುವ ಮಕ್ಕಳಿದ್ದವರಿಗೆ ಇದನ್ನು ಕಳಿಸಿ.