ಸುಂಕದ ಕಟ್ಟೆ

ಹಾನಗಲ್ಲು ಪೂರ್ವದಲ್ಲಿ ಪಾನುಂಗಲ್ಲು, ಕದಂಬರ ರಾಜಧಾನಿ; ಹೆಜ್ಜುಂಕ, ವಡ್ಡರಾವುಳವೆಂಬ ಸುಂಕಗಳು ಆ ಕಾಲದ ಶಾಸನಗಳಲ್ಲಿ ಪ್ರಸಿದ್ಧವಾಗಿವೆ. ಇಂದು ಅಲ್ಲಿಯ ಗುತ್ತಿಗೆದಾರರು ಚಹಾ ಕುಡಿಯುತ್ತ ನಗುವರು: “ಕಟ್ಟೆಯನ್ನು ಬಳಸಿ ಹೋದರೆ ಜಾಣತನ, ಗಾಡಿಯ ಹುಲ್ಲಿನಡಿ ಅಕ್ಕಿ ಮುಚ್ಚಿ ದಾಟಿದರೆ ಕಳ್ಳತನ!”

ವಿನೋದವಾದರೂ ಭೇದವು ಯುಕ್ತವೇ. ಕಾನೂನಿಗೊಳಪಟ್ಟ ಯೋಜನೆ ಸಲ್ಲುವುದು, ಕಪಟೋಪಾಯ ಸಲ್ಲದೆಂದು 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮ್ಯಾಕ್‌ಡೊವೆಲ್ ಪ್ರಕರಣದಲ್ಲಿ ಹೇಳಿತು. ಸಣ್ಣ ಗುತ್ತಿಗೆದಾರನು ವಿವರವಾದ ಲೆಕ್ಕಪುಸ್ತಕವಿಡದೆ, ಬಂದ ಹಣದಲ್ಲಿ ನೂರಕ್ಕೆ 8ನ್ನು, ಬ್ಯಾಂಕಿನ ಮೂಲಕ ಬಂದುದರಲ್ಲಿ 6ನ್ನು, ಲಾಭವೆಂದು ತೋರಿಸಲು ಕಾಯಿದೆಯೇ ಒಪ್ಪಿದೆ. ಇದನ್ನು ಬಳಸುದಾರಿಯೆನ್ನಲಾಗದು, ರಾಜಮಾರ್ಗವೇ ಸರಿ! ಬಾರದ ಕೂಲಿಯಾಳುಗಳನ್ನು ಹಾಜರಿ ಪಟ್ಟಿಗೆ ಸೇರಿಸಿ ವೆಚ್ಚ ಬೆಳೆಸುವುದಾದರೋ ಹುಲ್ಲಿನಡಿಯ ಅಕ್ಕಿ. ಆ ಗುತ್ತಿಗೆ ಮಡದಿಯ ಹೆಸರಿನಲ್ಲಿದ್ದರೆ, ಓದದೆ ರುಜು ಹಾಕಿದ ಗೃಹಿಣಿಯ ಹೆಸರಿಗೇ ವಿಚಾರಣೆಯ ಪತ್ರ ಬರುವುದು.